ಮರಿಯಾ: ಗಾಳಿ ನಿಂತ ಮೇಲಿನ ಲೆಕ್ಕ

ಚಂಡಮಾರುತವೊಂದು ಅಡಗಿದ ಮೇಲೆ ಹವಾಮಾನ ಸಂಸ್ಥೆಗಳು ಪ್ರಕಟಿಸುವ ನಕ್ಷೆಯಲ್ಲಿ ಅದರ ಹುಟ್ಟಿನಿಂದ ಅಳಿವಿನವರೆಗಿನ ವೃತ್ತಾಂತವೆಲ್ಲ ಒಂದೇ ಗೆರೆಯಾಗಿ ಮೂಡಿರುತ್ತದೆ. ಗೆರೆಯ ಮೇಲೆ ಆರಾರು ಗಂಟೆಗೆ ಒಂದರಂತೆ ಚುಕ್ಕಿಗಳು, ಪ್ರತಿಯೊಂದು ಚುಕ್ಕಿಗೂ ಆ ಹೊತ್ತಿನ ಗಾಳಿಯ ವೇಗ ಮತ್ತು ವಾಯುಭಾರದ ಅಂಕಿಗಳು. ಅಟ್ಲಾಂಟಿಕ್ ಸಾಗರದ ಮರಿಯಾ ಚಂಡಮಾರುತದ ಗೆರೆ 2017ರ ಸೆಪ್ಟೆಂಬರ್ 16ರಂದು ಬಾರ್ಬಡೋಸ್ ದ್ವೀಪದ ಪೂರ್ವಕ್ಕೆ ನಡುಗಡಲಿನಲ್ಲಿ ತೊಡಗಿ, ಅಕ್ಟೋಬರ್ 2ರಂದು ಐರ್ಲೆಂಡಿನ ನೈಋತ್ಯಕ್ಕಿರುವ ತಣ್ಣನೆಯ ಕಡಲಿನಲ್ಲಿ ಮುಗಿಯುತ್ತದೆ. ಆ ಗೆರೆ ಪೋರ್ಟೊ ರಿಕೊ ದ್ವೀಪದ ನೆಲದ ಮೇಲೆ ಹಾದದ್ದು ಒಂದು ಹಗಲಿನ ಸುಮಾರು ಎಂಟು ಗಂಟೆಗಳ ಕಾಲ ಮಾತ್ರ. ಆದರೆ ಮರಿಯಾದಿಂದ ಅಲ್ಲಿ ಸತ್ತವರಲ್ಲಿ ಬಹುಪಾಲು ಜನ ಸತ್ತದ್ದು ಗಾಳಿ ದ್ವೀಪವನ್ನು ದಾಟಿದ ಮೇಲೆ, ಬಿಸಿಲು ಬಿದ್ದ ಹಗಲುಗಳಲ್ಲಿ, ವಾರಗಳೂ ತಿಂಗಳುಗಳೂ ಕಳೆದ ನಂತರ. ಸರ್ಕಾರ ಮೊದಲು ಒಪ್ಪಿಕೊಂಡ ಸಾವುಗಳು 64. ಮುಂದಿನ ವರ್ಷ ಅದೇ ಸರ್ಕಾರ ಒಪ್ಪಿದ ಅಂದಾಜು 2,975. ಈ ಎರಡು ಅಂಕಿಗಳ ನಡುವಿನ ಅಂತರವನ್ನು ಅರಿಯದೆ ಮರಿಯಾವನ್ನು ಅರಿತಂತಾಗದು, ಮತ್ತು ಆ ಅಂತರ ಹವಾಮಾನದ ನಕ್ಷೆಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ.

ಅಟ್ಲಾಂಟಿಕ್ ಸಾಗರದ ಪ್ರಬಲ ಚಂಡಮಾರುತಗಳಲ್ಲಿ ಹೆಚ್ಚಿನವುಗಳ ಮೂಲ ಸಾಗರದಲ್ಲಿಲ್ಲ, ಆಫ್ರಿಕದ ನೆಲದಲ್ಲಿದೆ. ಬೇಸಿಗೆಯಲ್ಲಿ ಸಹಾರಾ ಮರುಭೂಮಿ ಕಾಯ್ದು ಕೆಂಪಾದಾಗ, ಅದರ ದಕ್ಷಿಣಕ್ಕಿರುವ ಗಿನಿ ಕೊಲ್ಲಿಯ ತೇವದ ಕರಾವಳಿ ತುಲನೆಯಲ್ಲಿ ತಂಪಾಗಿಯೇ ಇರುತ್ತದೆ. ಉಷ್ಣತೆಯ ಈ ವ್ಯತ್ಯಾಸದಿಂದ ನೆಲದಿಂದ ಮೂರು ನಾಲ್ಕು ಕಿಲೋಮೀಟರ್ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ವೇಗದ ಗಾಳಿಯ ಪಟ್ಟಿಯೊಂದು ಏರ್ಪಡುತ್ತದೆ, ಆ ಪಟ್ಟಿ ನೇರವಾಗಿ ಹರಿಯದೆ ಬಳುಕುತ್ತ ಮೂರು ನಾಲ್ಕು ದಿನಗಳಿಗೊಮ್ಮೆ ಒಂದರಂತೆ ಕಡಿಮೆ ಒತ್ತಡದ ಅಲೆಗಳನ್ನು ಸಾಗರದತ್ತ ಕಳುಹಿಸುತ್ತದೆ. ಹವಾಮಾನ ಶಾಸ್ತ್ರದಲ್ಲಿ ಇವುಗಳಿಗೆ ಉಷ್ಣವಲಯದ ಅಲೆಗಳೆಂದು ಹೆಸರು. ವರ್ಷವೊಂದಕ್ಕೆ ಇಂಥ ಸುಮಾರು 60 ಅಲೆಗಳು ಆಫ್ರಿಕದ ಪಶ್ಚಿಮ ತೀರವನ್ನು ದಾಟುತ್ತವೆ, ಅವುಗಳಲ್ಲಿ ಚಂಡಮಾರುತವಾಗಿ ಬೆಳೆಯುವವು ಬೆರಳೆಣಿಕೆಯಷ್ಟು. ಮರಿಯಾ ಆಗಲಿದ್ದ ಅಲೆ ತೀರ ಬಿಟ್ಟದ್ದು ಸೆಪ್ಟೆಂಬರ್ 12ರಂದು. ಉತ್ತರ ಅಟ್ಲಾಂಟಿಕ್ ಸಾಗರದ ಮೇಲೆ ನೆಲೆಸಿರುವ ವಿಶಾಲವಾದ ಅಧಿಕ ಒತ್ತಡದ ವಲಯದ ದಕ್ಷಿಣದ ಅಂಚಿನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ವಾಣಿಜ್ಯ ಮಾರುತಗಳು ಅದನ್ನು ಕೆರಿಬಿಯನ್ ದ್ವೀಪಗಳತ್ತ ಒಯ್ದವು.

ಇಂಥ ಅಲೆ ಚಂಡಮಾರುತವಾಗಬೇಕಾದರೆ ಹಲವು ಅನುಕೂಲಗಳು ಏಕಕಾಲದಲ್ಲಿ ಕೂಡಿಬರಬೇಕು. ಕಡಲ ಮೇಲ್ಮೈ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು, ಆ ಬೆಚ್ಚನೆಯ ಪದರ ಸಾಕಷ್ಟು ಆಳಕ್ಕೆ ಇಳಿದಿರಬೇಕು, ಎತ್ತರಕ್ಕೆ ಏರಿದಂತೆ ಗಾಳಿಯ ದಿಕ್ಕೂ ವೇಗವೂ ಹೆಚ್ಚು ಬದಲಾಗದೆ ಮೋಡಗಳ ಕಂಬ ನೆಟ್ಟಗೆ ನಿಲ್ಲುವಂತಿರಬೇಕು, ಮತ್ತು ಭೂಮಿಯ ಆವರ್ತನೆಯಿಂದ ಚಲಿಸುವ ಗಾಳಿಗೆ ಒದಗುವ ಬಾಗು, ಅಂದರೆ ಕೊರಿಯೊಲಿಸ್ ಪರಿಣಾಮ, ಸುಳಿಯನ್ನು ಕಟ್ಟುವಷ್ಟು ಬಲವಾಗಿರಲು ಆ ಸ್ಥಳ ಸಮಭಾಜಕ ವೃತ್ತದಿಂದ ತುಸು ದೂರದಲ್ಲಿರಬೇಕು. ಬೆಚ್ಚನೆಯ ಕಡಲಿನಿಂದ ಎದ್ದ ಆವಿ ಮೇಲೇರಿ ತಣಿದು ನೀರಹನಿಯಾಗುವಾಗ, ಆವಿಯಾಗಲು ಹೀರಿಕೊಂಡಿದ್ದ ಶಾಖವನ್ನು ಮತ್ತೆ ಹೊರಹಾಕುತ್ತದೆ. ಗುಪ್ತೋಷ್ಣವೆಂದು ಕರೆಯುವ ಈ ಶಾಖ ಸುತ್ತಲಿನ ಗಾಳಿಯನ್ನು ಇನ್ನಷ್ಟು ಮೇಲಕ್ಕೆ ತಳ್ಳುವುದರಿಂದ ಕೆಳಗಿನ ಒತ್ತಡ ಮತ್ತಷ್ಟು ಕುಸಿದು, ಕಡಲ ಮೇಲಿನ ಗಾಳಿ ಮತ್ತಷ್ಟು ರಭಸದಿಂದ ಒಳನುಗ್ಗುತ್ತದೆ. ಕ್ರಿಯೆ ತನ್ನನ್ನು ತಾನೇ ಪೋಷಿಸಿಕೊಳ್ಳುವ ಹಂತ ತಲುಪಿದಾಗ ಸುಳಿಯ ನಡುವೆ ಮೋಡವಿಲ್ಲದ ಶಾಂತ ವೃತ್ತವೊಂದು ತೆರೆದುಕೊಳ್ಳುತ್ತದೆ, ಅದೇ ಚಂಡಮಾರುತದ ಕಣ್ಣು. ಕಣ್ಣನ್ನು ಸುತ್ತುವರಿದ ದಟ್ಟ ಮೋಡಗಳ ಉಂಗುರವಾದ ಕಣ್ಣಿನ ಗೋಡೆಯಲ್ಲಿ ಅತ್ಯಂತ ಬಿರುಸಾದ ಗಾಳಿ ಇರುತ್ತದೆ.

ಮರಿಯಾ ಈ ಹಂತಗಳನ್ನು ದಾಟಿದ ವೇಗ ಮುನ್ಸೂಚನೆ ನೀಡುವವರನ್ನೇ ಬೆರಗುಗೊಳಿಸಿತು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಗಾಳಿಯ ವೇಗ ತಾಸಿಗೆ 55 ಕಿಲೋಮೀಟರಿನಷ್ಟು ಹೆಚ್ಚಿದರೆ ಅದನ್ನು ಶೀಘ್ರ ತೀವ್ರಗೊಳ್ಳುವಿಕೆ ಎಂದು ಶಾಸ್ತ್ರ ಗುರುತಿಸುತ್ತದೆ. ಸೆಪ್ಟೆಂಬರ್ 17ರ ಮಧ್ಯಾಹ್ನವಷ್ಟೇ ಚಂಡಮಾರುತದ ಮಟ್ಟ ಮುಟ್ಟಿದ್ದ ಮರಿಯಾ ಮರುದಿನ ಒಂದೇ ದಿನದೊಳಗೆ ಇದರ ಎರಡು ಪಟ್ಟಿಗೂ ಮೀರಿ ಬಲಗೊಂಡು, ಅಮೆರಿಕದ ಐದು ದರ್ಜೆಗಳ ಮಾಪಕದಲ್ಲಿ ಒಂದರಿಂದ ಐದಕ್ಕೆ ಏರಿತು. ಹದಿನೆಂಟರ ರಾತ್ರಿ ಒಂಬತ್ತೂಕಾಲರ ಸುಮಾರಿಗೆ, ತಾಸಿಗೆ ಸುಮಾರು 270 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ಅದು ಡೊಮಿನಿಕಾ ದ್ವೀಪವನ್ನು ಹೊಕ್ಕಿತು. ಎಪ್ಪತ್ತು ಸಾವಿರದಷ್ಟು ಜನವಸತಿಯ, ಜ್ವಾಲಾಮುಖಿ ಬೆಟ್ಟಗಳ ಆ ಪುಟ್ಟ ಸ್ವತಂತ್ರ ದೇಶದ ದಾಖಲೆಯಲ್ಲಿ ಐದನೇ ದರ್ಜೆಯ ಚಂಡಮಾರುತ ನೆಲ ಮುಟ್ಟಿದ್ದು ಅದೇ ಮೊದಲು. ಪ್ರಧಾನಿ ರೂಸ್ವೆಲ್ಟ್ ಸ್ಕೆರಿಟ್ ತಮ್ಮ ನಿವಾಸದ ಸೂರೇ ಹಾರಿಹೋದ ಸಂಗತಿಯನ್ನು ಆ ರಾತ್ರಿ ಫೇಸ್‌ಬುಕ್‌ನಲ್ಲಿ ಬರೆದರು, ಆಮೇಲೆ ದ್ವೀಪದ ಸಂಪರ್ಕವೇ ಕಡಿದುಹೋಯಿತು. ಬೆಳಗಾದಾಗ ಹಸಿರಿಗೇ ಹೆಸರಾಗಿದ್ದ ಬೆಟ್ಟಗಳ ಮೇಲೆ ಎಲೆಯೆಂಬುದೇ ಇರಲಿಲ್ಲ. ಸತ್ತವರೂ ಪತ್ತೆಯಾಗದವರೂ ಸೇರಿ 65 ಜನ. ಹಾನಿ ಮತ್ತು ನಷ್ಟದ ಮೊತ್ತ ಸುಮಾರು 130 ಕೋಟಿ ಡಾಲರ್, ಅಂದರೆ ಹಿಂದಿನ ವರ್ಷದ ಒಟ್ಟು ದೇಶೀಯ ಉತ್ಪನ್ನದ ಶೇಕಡಾ 226. ಇಡೀ ದೇಶ ಎರಡು ವರ್ಷಕ್ಕೂ ಮಿಕ್ಕಿ ದುಡಿದು ಗಳಿಸುವಷ್ಟು ಒಂದೇ ರಾತ್ರಿಯಲ್ಲಿ ಹೋಯಿತು. ಎರಡು ವರ್ಷಗಳ ಹಿಂದೆ ಎರಿಕಾ ಎಂಬ ಬಿರುಗಾಳಿಮಳೆ ಮಾಡಿದ್ದ ಹಾನಿಯಿಂದಲೇ ಅದು ಇನ್ನೂ ಚೇತರಿಸಿಕೊಳ್ಳುತ್ತಿತ್ತೆಂಬುದನ್ನು ನೆನೆದರೆ ಈ ಅಂಕಿಯ ಭಾರ ಇನ್ನಷ್ಟು ಹೆಚ್ಚುತ್ತದೆ.

ಡೊಮಿನಿಕಾದ ಬೆಟ್ಟಗಳು ಮರಿಯಾವನ್ನು ತುಸು ಕುಗ್ಗಿಸಿದರೂ, ಮತ್ತೆ ಬೆಚ್ಚನೆಯ ಕಡಲಿಗೆ ಇಳಿದೊಡನೆ ಅದು ಹಿಂದಿಗಿಂತ ಪ್ರಬಲವಾಯಿತು. ಹತ್ತೊಂಬತ್ತರ ರಾತ್ರಿ ಸೇಂಟ್ ಕ್ರಾಯ್ ದ್ವೀಪದ ದಕ್ಷಿಣಕ್ಕೆ ಅದರ ಗಾಳಿಯ ವೇಗ ತಾಸಿಗೆ ಸುಮಾರು 280 ಕಿಲೋಮೀಟರ್ ಮುಟ್ಟಿತು. ಕಡಲ ಮಟ್ಟದಲ್ಲಿ ಸಾಧಾರಣವಾಗಿ 1,013 ಮಿಲಿಬಾರ್ ಇರುವ ವಾಯುಭಾರ ಅದರ ಕಣ್ಣಿನಲ್ಲಿ 908ಕ್ಕೆ ಇಳಿಯಿತು. ಆ ಹೊತ್ತಿಗೆ ಪ್ರಬಲ ಚಂಡಮಾರುತಗಳಲ್ಲಿ ಆಗಾಗ ಕಂಡುಬರುವ ಬದಲಾವಣೆಯೊಂದು ನಡೆಯಿತು: ಮೊದಲಿನ ಕಣ್ಣಿನ ಗೋಡೆಯ ಹೊರಗೆ ಮತ್ತೊಂದು ಗೋಡೆ ಎದ್ದು, ಒಳಗಿನದಕ್ಕೆ ಸಿಗಬೇಕಾದ ತೇವವನ್ನೆಲ್ಲ ತಾನೇ ಕಸಿದುಕೊಂಡು, ಕ್ರಮೇಣ ಅದರ ಸ್ಥಾನವನ್ನೇ ಆಕ್ರಮಿಸಿತು. ಇದರಿಂದ ಗಾಳಿಯ ಗರಿಷ್ಠ ವೇಗ ಕಡಿಮೆಯಾಯಿತು, ಆದರೆ ಕಣ್ಣು ಅಗಲವಾಗಿ ಬಿರುಗಾಳಿ ಬೀಸುವ ಪ್ರದೇಶ ಹಿಗ್ಗಿತು. ಸೆಪ್ಟೆಂಬರ್ 20ರ ಬೆಳಿಗ್ಗೆ ಆರೂಕಾಲಕ್ಕೆ ಪೋರ್ಟೊ ರಿಕೊದ ಆಗ್ನೇಯ ತೀರದ ಯಾಬುಕೋವಾ ಬಳಿ ಅದು ನೆಲ ಮುಟ್ಟಿದಾಗ ಗಾಳಿಯ ವೇಗ ಸುಮಾರು 250 ಕಿಲೋಮೀಟರ್. ಐದನೇ ದರ್ಜೆಗೆ ಬೇಕಾದದ್ದು 252. ಎರಡು ಕಿಲೋಮೀಟರಿನ ಕೊರತೆಯಿಂದ ಮರಿಯಾ ದಾಖಲೆಗಳಲ್ಲಿ ನಾಲ್ಕನೇ ದರ್ಜೆಯದಾಗಿ ಉಳಿದಿದೆ, ಅಗಲವಾದ ಗಾಳಿಗೆ ಸಿಕ್ಕ ಊರುಗಳಿಗೆ ಈ ಇಳಿಕೆಯಿಂದ ಯಾವ ಸಮಾಧಾನವೂ ದೊರೆಯಲಿಲ್ಲ. 1928ರ ಸೆಪ್ಟೆಂಬರಿನಲ್ಲಿ ಬಂದ, ಅಲ್ಲಿಯವರು ಎರಡನೆಯ ಸಾನ್ ಫೆಲಿಪೆ ಎಂದು ಕರೆಯುವ ಚಂಡಮಾರುತದ ನಂತರ ಆ ದ್ವೀಪಕ್ಕೆ ಇಷ್ಟು ಪ್ರಬಲವಾದುದು ಅಪ್ಪಳಿಸಿರಲಿಲ್ಲ.

ದ್ವೀಪದ ಆಗ್ನೇಯ ಮೂಲೆಯಿಂದ ವಾಯವ್ಯಕ್ಕೆ ಕರ್ಣರೇಖೆಯಂತೆ ಮರಿಯಾ ಹಾದುಹೋಯಿತು, ಹೀಗಾಗಿ ಅದರ ಹಿಡಿತಕ್ಕೆ ಸಿಗದ ಜಿಲ್ಲೆ ಇರಲಿಲ್ಲ. ಕಾಯೆ ಬೆಟ್ಟದ ಮೇಲಿದ್ದ ಹವಾಮಾನ ರೇಡಾರ್ ಗಾಳಿ ನೆಲ ಮುಟ್ಟುವ ಮೊದಲೇ ಮುರಿದುಬಿದ್ದು, ಆ ನಂತರದ ಗಂಟೆಗಳಲ್ಲಿ ಉಪಗ್ರಹಗಳ ನೋಟವನ್ನೇ ನೆಚ್ಚಬೇಕಾಯಿತು. ಪೂರ್ವ ತೀರದ ಉಮಕಾವ್, ನಾಗ್ವಾಬೊ ಮೊದಲಾದ ಕಡೆ ಚಂಡಮಾರುತದ ರಭಸಕ್ಕೆ ಉಕ್ಕಿದ ಕಡಲು ಎರಡರಿಂದ ಮೂರು ಮೀಟರಿನಷ್ಟು ನೆಲದ ಮೇಲೆ ಏರಿತು. ಒಳನಾಡಿನಲ್ಲಿ ಹಾವಳಿ ಮಾಡಿದ್ದು ಮಳೆ. ಅರಬ್ಬೀ ಸಮುದ್ರದ ತೇವದ ಗಾಳಿಯನ್ನು ಪಶ್ಚಿಮ ಘಟ್ಟ ತಡೆದು ಮೇಲೆತ್ತಿದಾಗ ಆಗುಂಬೆಯಲ್ಲಿ ಮಳೆ ಸುರಿಯುವ ಬಗೆಯಲ್ಲೇ, ಪೋರ್ಟೊ ರಿಕೊದ ನಡುವೆ ಪೂರ್ವ ಪಶ್ಚಿಮವಾಗಿ ಹಬ್ಬಿರುವ ಕೊರ್ದಿಯೆರಾ ಬೆಟ್ಟಸಾಲು ಮರಿಯಾದ ತೇವವನ್ನು ಮೇಲೆತ್ತಿ ಹಿಂಡಿತು. ಕಾಗ್ವಾಸ್ ಪ್ರದೇಶದಲ್ಲಿ 960 ಮಿಲಿಮೀಟರಿನಷ್ಟು ಮಳೆ ದಾಖಲಾಯಿತು. ನೆನೆದ ಕಡಿದಾದ ಇಳಿಜಾರುಗಳು ಜಾರಿದವು. ಅಮೆರಿಕದ ಭೂವಿಜ್ಞಾನ ಸಮೀಕ್ಷೆ ಚಿತ್ರಗಳ ಆಧಾರದಿಂದ ಗುರುತಿಸಿದ ಭೂಕುಸಿತಗಳು 40,000ಕ್ಕೂ ಹೆಚ್ಚು, ಅವುಗಳಲ್ಲಿ ದೊಡ್ಡ ಪಾಲು ಉತ್ವಾಡೊ ಎಂಬ ಬೆಟ್ಟದೂರಿನ ಸುತ್ತಮುತ್ತ. ವಾಯವ್ಯದ ಗ್ವಾಹತಾಕಾ ಅಣೆಕಟ್ಟಿನ ಕೋಡಿ ಕೊಚ್ಚತೊಡಗಿದ್ದರಿಂದ ಸೆಪ್ಟೆಂಬರ್ 22ರಂದು ಕೆಳದಂಡೆಯ 70,000 ಜನರಿಗೆ ಜಾಗ ಬಿಡುವಂತೆ ಆದೇಶಿಸಬೇಕಾಯಿತು. ಅಣೆಕಟ್ಟು ಒಡೆಯಲಿಲ್ಲ.

ಇಲ್ಲಿಯವರೆಗಿನದು ಪ್ರಕೃತಿಯ ಕಥೆ. ಇನ್ನು ಮುಂದಿನದರಲ್ಲಿ ತಂತಿ, ಕಂಬ, ಸಾಲ ಮತ್ತು ಆಡಳಿತಗಳಿಗೆ ಗಾಳಿಗಿಂತ ಹೆಚ್ಚಿನ ಪಾತ್ರವಿದೆ. ಪೋರ್ಟೊ ರಿಕೊ 1898ರಿಂದ ಅಮೆರಿಕದ ಅಧೀನದಲ್ಲಿರುವ ಪ್ರದೇಶ. ಅಲ್ಲಿನ ಜನ 1917ರಿಂದ ಅಮೆರಿಕದ ಪೌರರು, ಆದರೆ ದ್ವೀಪದಲ್ಲಿ ವಾಸಿಸುವವರೆಗೆ ರಾಷ್ಟ್ರಾಧ್ಯಕ್ಷರ ಚುನಾವಣೆಯಲ್ಲಿ ಅವರಿಗೆ ಮತವಿಲ್ಲ. ಜನರಲ್ಲಿ ಶೇಕಡಾ 40ಕ್ಕೂ ಹೆಚ್ಚು ಮಂದಿ ಬಡತನದ ರೇಖೆಗಿಂತ ಕೆಳಗಿದ್ದರು. ವಿದ್ಯುತ್ ಪೂರೈಸುವ ಸರ್ಕಾರಿ ಸಂಸ್ಥೆ ಸುಮಾರು 900 ಕೋಟಿ ಡಾಲರ್ ಸಾಲದಲ್ಲಿ ಮುಳುಗಿ, ಚಂಡಮಾರುತಕ್ಕೆ ಎರಡೇ ತಿಂಗಳ ಹಿಂದೆ, 2017ರ ಜುಲೈನಲ್ಲಿ, ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತ್ತು. ಹಳೆಯ ಸ್ಥಾವರಗಳು, ತೈಲದ ಮೇಲಿನ ಅವಲಂಬನೆ, ವರ್ಷಗಳಿಂದ ಮುಂದೂಡಿದ ದುರಸ್ತಿ ಇವೆಲ್ಲದರ ಜೊತೆಗೆ ಆ ಜಾಲದ ವಿನ್ಯಾಸದಲ್ಲೇ ಒಂದು ದೌರ್ಬಲ್ಯವಿತ್ತು: ದೊಡ್ಡ ಉತ್ಪಾದನಾ ಸ್ಥಾವರಗಳು ದಕ್ಷಿಣ ತೀರದಲ್ಲಿ, ವಿದ್ಯುತ್ತಿಗೆ ಅತಿ ಹೆಚ್ಚು ಬೇಡಿಕೆಯಿರುವ ಸಾನ್ ಹ್ವಾನ್ ಮಹಾನಗರ ಉತ್ತರದಲ್ಲಿ, ಇವೆರಡನ್ನೂ ಬೆಸೆಯುವ ಪ್ರಸರಣ ಮಾರ್ಗಗಳು ನಡುವಣ ಬೆಟ್ಟಸಾಲನ್ನು ಏರಿಳಿದು, ಎಷ್ಟೋ ಕಡೆ ರಸ್ತೆಯೇ ಇಲ್ಲದ ಕಾಡಿನ ಮೇಲೆ ಹಾದುಹೋಗುತ್ತಿದ್ದವು. ಎರಡು ವಾರ ಮೊದಲು, ಸೆಪ್ಟೆಂಬರ್ 6ರಂದು, ಇರ್ಮಾ ಎಂಬ ಚಂಡಮಾರುತ ದ್ವೀಪದ ಉತ್ತರಕ್ಕೆ ಸರಿದುಹೋದಾಗಲೇ ಲಕ್ಷಾಂತರ ಸಂಪರ್ಕಗಳು ಕತ್ತಲಾಗಿದ್ದವು. ಮರಿಯಾ ಎಲ್ಲ ಪ್ರಸರಣ ಮಾರ್ಗಗಳಿಗೂ ಶೇಕಡಾ 80ರಷ್ಟು ಕಂಬಗಳಿಗೂ ಹಾನಿ ಮಾಡಿತು, 33 ಲಕ್ಷ ಜನರ ದ್ವೀಪ ಪೂರ್ತಿಯಾಗಿ ಕತ್ತಲಲ್ಲಿ ಮುಳುಗಿತು. ಕಟ್ಟಕಡೆಯ ಮನೆಗಳಿಗೆ ದೀಪ ಮರಳಿತೆಂದು ಘೋಷಿಸುವ ಹೊತ್ತಿಗೆ 2018ರ ಆಗಸ್ಟ್ ಬಂದಿತ್ತು, ಅಂದರೆ ಹನ್ನೊಂದು ತಿಂಗಳು. ಅಮೆರಿಕದ ಇತಿಹಾಸದಲ್ಲೇ ಅದು ಅತಿ ದೀರ್ಘವಾದ ಕತ್ತಲು.

ವಿದ್ಯುತ್ತಿಲ್ಲದಿರುವುದೆಂದರೆ ದೀಪ ಉರಿಯದಿರುವುದಷ್ಟೇ ಅಲ್ಲ ಎಂಬುದನ್ನು ಮರಿಯಾದ ನಂತರದ ತಿಂಗಳುಗಳು ಕ್ರೂರವಾಗಿ ತೋರಿಸಿದವು. ಪಂಪು ನಡೆಯದೆ ನಲ್ಲಿಯಲ್ಲಿ ನೀರಿಲ್ಲ; ನೀರಿಲ್ಲದೆ ತೊರೆಯ ನೀರು ಕುಡಿದವರಲ್ಲಿ, ಕೆಸರಿನಲ್ಲಿ ಓಡಾಡಿದವರಲ್ಲಿ ಇಲಿಜ್ವರದ ಪ್ರಕರಣಗಳು ಏರಿದವು. ಶೈತ್ಯಪೆಟ್ಟಿಗೆ ನಿಂತುಹೋದರೆ ಮಧುಮೇಹಿಗಳ ಇನ್ಸುಲಿನ್ ಕೆಡುತ್ತದೆ, ಆಮ್ಲಜನಕದ ಯಂತ್ರ ನಿಂತುಹೋದರೆ ಶ್ವಾಸಕೋಶದ ರೋಗಿ ಮನೆಯಲ್ಲೇ ಉಸಿರಿಗಾಗಿ ಒದ್ದಾಡಬೇಕಾಗುತ್ತದೆ, ಡಯಾಲಿಸಿಸ್ ಕೇಂದ್ರದ ಜನರೇಟರಿಗೆ ಡೀಸೆಲ್ ಸಿಗದಿದ್ದರೆ ಮೂತ್ರಪಿಂಡ ಕೆಟ್ಟವರ ದಿನಗಳು ಎಣಿಕೆಗೆ ಬರುತ್ತವೆ. ಮೊಬೈಲ್ ಗೋಪುರಗಳಲ್ಲಿ ಶೇಕಡಾ 95ರಷ್ಟು ನಿಷ್ಕ್ರಿಯವಾಗಿದ್ದ ಮೊದಲ ದಿನಗಳಲ್ಲಿ ಆಂಬುಲೆನ್ಸ್ ಕರೆಯುವ ದಾರಿಯೂ ಇರಲಿಲ್ಲ, ಕರೆದರೂ ಕುಸಿದ ಬೆಟ್ಟದ ರಸ್ತೆಗಳಲ್ಲಿ ಅದು ಬರುವಂತಿರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಮುಂದೆ ನಡೆಸಿದ ಸಮೀಕ್ಷೆಯ ಪ್ರಕಾರ, ಆ ವರ್ಷದ ಕೊನೆಯವರೆಗಿನ ಅವಧಿಯಲ್ಲಿ ಒಂದು ಮನೆ ಸರಾಸರಿ 84 ದಿನ ವಿದ್ಯುತ್ತಿಲ್ಲದೆ, 68 ದಿನ ನೀರಿಲ್ಲದೆ, 41 ದಿನ ಮೊಬೈಲ್ ಸಂಪರ್ಕವಿಲ್ಲದೆ ಕಳೆದಿತ್ತು. ಸರಾಸರಿ ಎಂಬ ಮಾತು ಬೆಟ್ಟದೂರುಗಳ ಪಾಡನ್ನು ಮರೆಮಾಚುತ್ತದೆ, ಅಲ್ಲಿ ಈ ದಿನಗಳು ಇನ್ನೂ ಹೆಚ್ಚು. ನೆರವೂ ತಡವಾಯಿತು: ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆ ದ್ವೀಪದಲ್ಲಿ ಕೂಡಿಟ್ಟಿದ್ದ ಸಾಮಗ್ರಿಯ ಬಹುಪಾಲು ಇರ್ಮಾ ಸಂತ್ರಸ್ತರಿಗಾಗಿ ಆಗಲೇ ಹೊರಟುಹೋಗಿತ್ತೆಂದೂ ಇಂಥ ದುರಂತಕ್ಕೆ ತನ್ನ ಸಿದ್ಧತೆ ಸಾಲದೆ ಹೋಯಿತೆಂದೂ ಆ ಸಂಸ್ಥೆಯೇ 2018ರ ತನ್ನ ವರದಿಯಲ್ಲಿ ಒಪ್ಪಿಕೊಂಡಿದೆ.

ಹೀಗೆ ಸತ್ತವರನ್ನು ಚಂಡಮಾರುತದ ಲೆಕ್ಕಕ್ಕೆ ಸೇರಿಸಬೇಕೇ ಎಂಬುದು ಈ ಇಡೀ ವಿಷಯದ ತಿರುಳು. ವಿಪತ್ತಿನ ಸಾವುಗಳನ್ನು ನೇರ ಮತ್ತು ಪರೋಕ್ಷ ಎಂದು ಎರಡಾಗಿ ವಿಂಗಡಿಸುವುದು ರೂಢಿ: ಗಾಳಿಗೆ ಹಾರಿದ ತಗಡು ಬಡಿದು, ಉಕ್ಕಿದ ನೀರಿನಲ್ಲಿ ಕೊಚ್ಚಿಹೋಗಿ, ಕುಸಿದ ಮಣ್ಣಿನಡಿ ಸಿಲುಕಿ ಸತ್ತರೆ ನೇರ, ಔಷಧ ಸಿಗದೆ, ಯಂತ್ರ ನಡೆಯದೆ, ದುರಸ್ತಿಯ ವೇಳೆ ಸೂರಿನಿಂದ ಬಿದ್ದು ಸತ್ತರೆ ಪರೋಕ್ಷ. ನೇರ ಸಾವನ್ನು ಗುರುತಿಸುವುದು ಸುಲಭ. ಪರೋಕ್ಷ ಸಾವು ವೈದ್ಯರು ಬರೆಯುವ ಮರಣ ಪ್ರಮಾಣಪತ್ರವನ್ನು ಅವಲಂಬಿಸುತ್ತದೆ, ಅಲ್ಲಿ ಹೃದಯಾಘಾತ ಅಥವಾ ಮಧುಮೇಹ ಎಂದಷ್ಟೇ ಬರೆದು ಮೂರು ವಾರ ವಿದ್ಯುತ್ತಿರಲಿಲ್ಲವೆಂಬುದನ್ನು ನಮೂದಿಸದಿದ್ದರೆ ಆ ಸಾವು ಲೆಕ್ಕದಿಂದ ಜಾರಿಹೋಗುತ್ತದೆ. ಪೋರ್ಟೊ ರಿಕೊದಲ್ಲಿ ವಿಪತ್ತಿನ ಕಾಲದಲ್ಲಿ ಪ್ರಮಾಣಪತ್ರ ಬರೆಯುವ ಕ್ರಮದ ಬಗ್ಗೆ ವೈದ್ಯರಿಗೆ ತಿಳಿವಳಿಕೆ ನೀಡಿರಲಿಲ್ಲ. ಅಕ್ಟೋಬರ್ 3ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ದ್ವೀಪಕ್ಕೆ ಭೇಟಿ ನೀಡಿದಾಗ ಅಧಿಕೃತ ಸಂಖ್ಯೆ 16 ಇತ್ತು. 2005ರ ಕತ್ರಿನಾ ಚಂಡಮಾರುತದ ಸಾವುಗಳೊಡನೆ ಅದನ್ನು ಹೋಲಿಸಿ ಅವರು ತೃಪ್ತಿ ವ್ಯಕ್ತಪಡಿಸಿದರು. ಅದೇ ಸಂಜೆ ಸಂಖ್ಯೆ 34ಕ್ಕೇರಿತು, ಡಿಸೆಂಬರಿನಲ್ಲಿ 64ಕ್ಕೆ ಬಂದು ನಿಂತುಬಿಟ್ಟಿತು. ಶವಾಗಾರಗಳೂ ಸ್ಮಶಾನಗಳೂ ತುಂಬಿತುಳುಕುತ್ತಿದ್ದುದನ್ನು ಕಂಡ ಜನರಿಗೆ ಆ ಸಂಖ್ಯೆಯಲ್ಲಿ ನಂಬಿಕೆ ಇರಲಿಲ್ಲ.

ಸಂಶಯ ನಿವಾರಣೆಗೆ ಒದಗಿದ್ದು ಅಧಿಕ ಮರಣದ ವಿಧಾನ. ಪ್ರತಿಯೊಂದು ಸಾವಿನ ಕಾರಣವನ್ನು ಕೆದಕುವ ಬದಲು, ಹಿಂದಿನ ವರ್ಷಗಳ ಆಧಾರದಿಂದ ಆ ತಿಂಗಳುಗಳಲ್ಲಿ ಸಹಜವಾಗಿ ಎಷ್ಟು ಜನ ಸಾಯಬಹುದಿತ್ತೆಂದು ಅಂದಾಜಿಸಿ, ನಿಜವಾಗಿ ಸತ್ತವರ ಸಂಖ್ಯೆಯಿಂದ ಅದನ್ನು ಕಳೆಯುವುದು ಈ ವಿಧಾನದ ಸಾರ. 2018ರ ಮೇ ತಿಂಗಳಲ್ಲಿ ಪ್ರಕಟವಾದ ಹಾರ್ವರ್ಡ್ ತಂಡದ ಅಧ್ಯಯನ 3,299 ಮನೆಗಳನ್ನು ವಿಚಾರಿಸಿ, ಡಿಸೆಂಬರ್ ಕೊನೆಯವರೆಗೆ 4,645 ಅಧಿಕ ಸಾವುಗಳಾಗಿರಬಹುದೆಂದು ಅಂದಾಜಿಸಿತು, ಮತ್ತು ಆ ಸಾವುಗಳಲ್ಲಿ ಮೂರರಲ್ಲೊಂದು ಪಾಲಿಗೆ ಚಿಕಿತ್ಸೆ ತಡವಾದದ್ದು ಅಥವಾ ನಿಂತುಹೋದದ್ದೇ ಕಾರಣವೆಂದು ಮನೆಯವರು ಹೇಳಿದ್ದನ್ನು ದಾಖಲಿಸಿತು. ಕಡಿಮೆ ಮನೆಗಳ ಸಮೀಕ್ಷೆಯಾದ್ದರಿಂದ ಅದರ ಅನಿಶ್ಚಿತತೆ ಬಹಳ. ನಿಜವಾದ ಸಂಖ್ಯೆ 793ರಿಂದ 8,498ರ ನಡುವೆ ಎಲ್ಲಿಯಾದರೂ ಇರಬಹುದೆಂದು ಸಂಶೋಧಕರೇ ಸ್ಪಷ್ಟಪಡಿಸಿದ್ದರು. ಆದರೂ ಆ ಅಧ್ಯಯನ ಮೌನವನ್ನು ಮುರಿಯಿತು. ಕೆಲವೇ ದಿನಗಳಲ್ಲಿ ಸಾನ್ ಹ್ವಾನ್‌ನ ಶಾಸನಸಭೆಯ ಕಟ್ಟಡದ ಮುಂದೆ ಜನ ಸತ್ತವರ ಚಪ್ಪಲಿ, ಬೂಟುಗಳನ್ನು ಸಾಲಾಗಿ ಇರಿಸಿದರು. ಮರಣದ ದಾಖಲೆಗಳನ್ನು ಬಹಿರಂಗಪಡಿಸಬೇಕೆಂದು ದ್ವೀಪದ ತನಿಖಾ ಪತ್ರಿಕೋದ್ಯಮ ಕೇಂದ್ರ ಹೂಡಿದ್ದ ದಾವೆಯಲ್ಲಿ ನ್ಯಾಯಾಲಯ ಅವುಗಳ ಬಿಡುಗಡೆಗೆ ಆಜ್ಞೆ ಮಾಡಿತು. ಸರ್ಕಾರವೇ ನಿಯೋಜಿಸಿದ್ದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ ಮರಣ ನೋಂದಣಿಯ ಪೂರ್ಣ ದಾಖಲೆಗಳನ್ನು ಪರಿಶೀಲಿಸಿ, ದ್ವೀಪ ಬಿಟ್ಟುಹೋದವರಿಂದ ಜನಸಂಖ್ಯೆ ಇಳಿದದ್ದನ್ನೂ ಲೆಕ್ಕಕ್ಕೆ ತೆಗೆದುಕೊಂಡು, 2017ರ ಸೆಪ್ಟೆಂಬರಿನಿಂದ 2018ರ ಫೆಬ್ರವರಿಯವರೆಗಿನ ಅಧಿಕ ಸಾವುಗಳನ್ನು 2,975 ಎಂದು ಅಂದಾಜಿಸಿತು. ಗವರ್ನರ್ ರಿಕಾರ್ಡೊ ರೊಸೆಯೊ ಆಗಸ್ಟ್ 28ರಂದು ಅದನ್ನೇ ಅಧಿಕೃತ ಸಂಖ್ಯೆಯಾಗಿ ಒಪ್ಪಿದರು.

ಆ ವರದಿಯ ಒಟ್ಟು ಮೊತ್ತಕ್ಕಿಂತ ಅದರ ವಿವರಗಳೇ ಹೆಚ್ಚು ಮನನೀಯ. ಸಾವಿನ ಅಪಾಯ ಎಲ್ಲರಿಗೂ ಸಮನಾಗಿ ಹಂಚಿಹೋಗಿರಲಿಲ್ಲ: ಅತಿ ಹಿಂದುಳಿದ ಊರಾಡಳಿತಗಳ ನಿವಾಸಿಗಳಲ್ಲಿ ಅದು ಶೇಕಡಾ 45ರಷ್ಟು ಹೆಚ್ಚಿತ್ತು, 65 ವರ್ಷ ಮೀರಿದ ಗಂಡಸರಲ್ಲಿ ಆ ಏರಿಕೆ ಅಧ್ಯಯನದ ಅವಧಿ ಮುಗಿಯುವವರೆಗೂ ಇಳಿದಿರಲಿಲ್ಲ. ಅನುಕೂಲಸ್ಥರ ಮನೆಗಳಲ್ಲಿ ಜನರೇಟರ್ ಇತ್ತು, ದ್ವೀಪ ಬಿಟ್ಟುಹೋಗಲು ವಿಮಾನದ ಟಿಕೆಟ್ಟಿಗೆ ಹಣವಿತ್ತು. ಬೆಟ್ಟದ ಮೇಲೆ ಒಂಟಿಯಾಗಿದ್ದ ಮುದುಕನಿಗೆ ಎರಡೂ ಇರಲಿಲ್ಲ. ಒಂದೇ ಗಾಳಿ ಬೀಸಿದ ದ್ವೀಪದಲ್ಲಿ ಎರಡು ಬಗೆಯ ಚಂಡಮಾರುತಗಳು ಬಂದಂತಾಗಿತ್ತು.

ದ್ವೀಪದ ಆಚೆಗೂ ಮರಿಯಾದ ಪರಿಣಾಮ ಹಬ್ಬಿತು. ಅಮೆರಿಕದ ಆಸ್ಪತ್ರೆಗಳು ಬಳಸುವ ಸಣ್ಣ ಗಾತ್ರದ ಸಲೈನ್ ಚೀಲಗಳಲ್ಲಿ ದೊಡ್ಡ ಪಾಲು ಪೋರ್ಟೊ ರಿಕೊದ ಕಾರ್ಖಾನೆಗಳಲ್ಲಿ ತಯಾರಾಗುತ್ತಿದ್ದುದರಿಂದ, ಸಾವಿರಾರು ಕಿಲೋಮೀಟರ್ ದೂರದ ನಗರಗಳಲ್ಲಿ ಆ ಚಳಿಗಾಲವಿಡೀ ಡ್ರಿಪ್ ಬದಲು ಸಿರಿಂಜಿನಿಂದ ಔಷಧ ನೀಡಬೇಕಾದ ಸ್ಥಿತಿ ಬಂತು. ಅರೆಸಿಬೊದ 305 ಮೀಟರ್ ವ್ಯಾಸದ ರೇಡಿಯೊ ದೂರದರ್ಶಕದ ಉದ್ದನೆಯ ಆಂಟೆನಾ ಅಂದು ಮುರಿದುಬಿತ್ತು. ಆ ದೂರದರ್ಶಕದ ತೂಗುವೇದಿಕೆ 2020ರ ಡಿಸೆಂಬರ್ 1ರಂದು ಕುಸಿದದ್ದರ ತನಿಖೆ ನಡೆಸಿದ ತಜ್ಞರು ಕೇಬಲ್ಲುಗಳ ಹಿಡಿತ ಜಾರತೊಡಗಿದ ಕಥೆಯನ್ನು ಮರಿಯಾದವರೆಗೆ ಹಿಂದಕ್ಕೆ ಗುರುತಿಸಿದ್ದಾರೆ. ಭಾರತದೊಡನೆ ನೇರ ಸಂಬಂಧವಿರುವ ಪರಿಣಾಮವೂ ಒಂದಿದೆ. ಪೂರ್ವ ತೀರದಾಚೆಯ ಕಾಯೊ ಸಾಂತಿಯಾಗೊ ಎಂಬ ಪುಟ್ಟ ದ್ವೀಪದಲ್ಲಿ, 1938ರಲ್ಲಿ ಭಾರತದಿಂದ ಸಾಗಿಸಿದ ಸುಮಾರು 400 ರೀಸಸ್ ಕೋತಿಗಳ ಸಂತತಿ ಸಂಶೋಧಕರ ನಿಗಾದಲ್ಲಿ ಬದುಕುತ್ತಿದೆ. ಮರಿಯಾ ಆ ದ್ವೀಪದ ಹಸಿರಿನ ಶೇಕಡಾ 60ಕ್ಕೂ ಹೆಚ್ಚನ್ನು ಒರೆಸಿಹಾಕಿತು, ನೆರಳು ಆಹಾರಕ್ಕಿಂತಲೂ ದುರ್ಲಭವಾಯಿತು. ಜಗಳಗಂಟಿಗಳೆಂದು ಹೆಸರಾದ ಆ ಕೋತಿಗಳು ಆ ಬಳಿಕ ಪರಸ್ಪರರನ್ನು ಹೆಚ್ಚು ಸಹಿಸತೊಡಗಿ, ಇದ್ದಷ್ಟು ನೆರಳನ್ನು ಹಂಚಿಕೊಂಡು ಕೂರತೊಡಗಿದವೆಂದೂ, ಹೆಚ್ಚು ಸಹನೆ ತೋರಿದವು ಹೆಚ್ಚು ಬದುಕಿ ಉಳಿದವೆಂದೂ ವರ್ಷಗಳ ವೀಕ್ಷಣೆಯಿಂದ ತಿಳಿದುಬಂದಿದೆ.

ಇಷ್ಟೆಲ್ಲವನ್ನೂ ಒಂದು ದರ್ಜೆಯ ಅಂಕಿ ಹೇಳಲಾರದು. ಇಂಜಿನಿಯರ್ ಹರ್ಬರ್ಟ್ ಸಾಫಿರ್ ಮತ್ತು ಹವಾಮಾನ ತಜ್ಞ ರಾಬರ್ಟ್ ಸಿಂಪ್ಸನ್ 1970ರ ದಶಕದ ಆರಂಭದಲ್ಲಿ ರೂಪಿಸಿದ ಐದು ದರ್ಜೆಗಳ ಮಾಪಕ ಇಂದು ಗಾಳಿಯ ವೇಗವನ್ನಷ್ಟೇ ಅಳೆಯುತ್ತದೆ. ಮೊದಲು ಅದರ ಜೊತೆಗಿದ್ದ ಕಡಲುಬ್ಬರ ಮತ್ತು ವಾಯುಭಾರದ ಅಂಕಿಗಳನ್ನು 2010ರಲ್ಲಿ ಕೈಬಿಡಲಾಯಿತು, ಮಳೆ ಅದರಲ್ಲಿ ಎಂದೂ ಇರಲಿಲ್ಲ. ಭಾರತದ ಹವಾಮಾನ ಇಲಾಖೆ ಬಂಗಾಳ ಕೊಲ್ಲಿ ಮತ್ತು ಅರಬ್ಬೀ ಸಮುದ್ರದ ಚಂಡಮಾರುತಗಳಿಗೆ ಬೇರೆಯೇ ವರ್ಗೀಕರಣವನ್ನು ಬಳಸುತ್ತದೆ, ಅಮೆರಿಕದವರು ಒಂದು ನಿಮಿಷದ ಸರಾಸರಿ ವೇಗ ತೆಗೆದುಕೊಂಡರೆ ಇಲ್ಲಿ ಮೂರು ನಿಮಿಷದ ಸರಾಸರಿ. ಆದರೆ ಆಧಾರ ಇಲ್ಲಿಯೂ ಗಾಳಿಯೇ. ಮುನ್ನೆಚ್ಚರಿಕೆಗೆ ಇದು ಅಗತ್ಯವಾದ ಅಳತೆ, ಸೂರು ಹಾರುವುದೋ ಇಲ್ಲವೋ ಎಂಬುದನ್ನು ಅದು ಹೇಳುತ್ತದೆ. ಸೂರು ಹಾರಿದ ಮನೆಗೆ ಎಷ್ಟು ತಿಂಗಳ ಮೇಲೆ ದೀಪ ಬರುತ್ತದೆಂಬುದನ್ನು ಹೇಳಲಾರದು, ಜೀವಗಳು ಹೋಗುವುದು ಹೆಚ್ಚಾಗಿ ಆ ತಿಂಗಳುಗಳಲ್ಲಿ. ಮರಿಯಾ ಇದಕ್ಕೆ ಅಪವಾದವೂ ಅಲ್ಲ. ಅಮೆರಿಕದ ಮುಖ್ಯ ಭೂಭಾಗವನ್ನು 1930ರಿಂದ 2015ರವರೆಗೆ ತಟ್ಟಿದ 501 ಉಷ್ಣವಲಯದ ಬಿರುಗಾಳಿಗಳನ್ನು ಪರಿಶೀಲಿಸಿ 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, ಅಧಿಕೃತ ಲೆಕ್ಕದಲ್ಲಿ ಸರಾಸರಿ 24 ಸಾವು ದಾಖಲಾಗುವ ಒಂದು ಬಿರುಗಾಳಿ ಮುಂದಿನ ಹದಿನೈದು ವರ್ಷಗಳಲ್ಲಿ 7,000ದಿಂದ 11,000 ಅಧಿಕ ಸಾವುಗಳಿಗೆ ಕಾರಣವಾಗುತ್ತದೆಂದು ಅಂದಾಜಿಸಿದೆ. ಸಂಖ್ಯಾಶಾಸ್ತ್ರದ ಇಂಥ ಅಂದಾಜುಗಳ ಮೇಲೆ ಚರ್ಚೆ ನಡೆಯಬೇಕಾದದ್ದೇ. ಆದರೆ ಅವು ತೋರುವ ದಿಕ್ಕು ಮರಿಯಾ ತೋರಿದ ದಿಕ್ಕೇ ಆಗಿದೆ.

ಬಿಸಿಯಾಗುತ್ತಿರುವ ಭೂಮಿಯಲ್ಲಿ, ಗಾಳಿ ನಿಂತ ಮೇಲಿನ ಸಾವುಗಳ ಈ ಪ್ರಶ್ನೆ ಇನ್ನಷ್ಟು ತುರ್ತಿನದು. ಬೆಚ್ಚಗಾದ ಗಾಳಿ ಹೆಚ್ಚು ಆವಿಯನ್ನು ಹಿಡಿದಿಡುತ್ತದೆ, ಮಳೆಯಾಗಿ ಹೆಚ್ಚು ಸುರಿಸುತ್ತದೆ. ಮರಿಯಾ ಸುರಿಸಿದ ಪ್ರಮಾಣದ ಮಳೆಯ ಸಂಭವ ಇಪ್ಪತ್ತನೆಯ ಶತಮಾನದ ಮಧ್ಯಭಾಗಕ್ಕೆ ಹೋಲಿಸಿದರೆ ಈಗ ಸುಮಾರು ಐದು ಪಟ್ಟು ಹೆಚ್ಚಿದೆಯೆಂದು 2019ರ ಅಧ್ಯಯನವೊಂದು ಹೇಳಿದೆ.

ಮರಿಯಾ ಬಂದುಹೋದ, 2017ರ ಜುಲೈನಿಂದ ಮುಂದಿನ ಜುಲೈವರೆಗಿನ ಒಂದು ವರ್ಷದಲ್ಲಿ ಪೋರ್ಟೊ ರಿಕೊದ ಜನಸಂಖ್ಯೆ ಸುಮಾರು 1,30,000ದಷ್ಟು, ಅಂದರೆ ಶೇಕಡಾ 3.9ರಷ್ಟು ಇಳಿಯಿತು, ಹೋದವರಲ್ಲಿ ಬಹಳಷ್ಟು ಜನ ಫ್ಲಾರಿಡಾ ಸೇರಿದರು. ಉಳಿದವರಲ್ಲಿ ಕೆಲವರು ಬೇರೊಂದು ದಾರಿ ಹಿಡಿದರು. ಬೆಟ್ಟದ ನಡುವಿನ ಅದ್ಹುಂತಾಸ್ ಊರಿನಲ್ಲಿ 1980ರಲ್ಲಿ ಹುಟ್ಟಿದ ಕಾಸಾ ಪ್ವೆಬ್ಲೊ ಎಂಬ ಪರಿಸರ ಸಂಘಟನೆಯ ಕಟ್ಟಡ 1999ರಿಂದಲೇ ಸೌರವಿದ್ಯುತ್ತಿನಿಂದ ನಡೆಯುತ್ತಿತ್ತು, ಮರಿಯಾದ ಮರುದಿನಗಳಲ್ಲಿ ಸುತ್ತಲಿನ ಜನ ತಮ್ಮ ಉಸಿರಾಟದ ಯಂತ್ರಗಳಿಗೂ ಫೋನುಗಳಿಗೂ ವಿದ್ಯುತ್ ತುಂಬಿಸಿಕೊಳ್ಳಲು ಅಲ್ಲಿಗೆ ಬಂದರು. 2023ರ ಮಾರ್ಚಿನಲ್ಲಿ ಅದೇ ಊರಿನ ಅಂಗಡಿ ವಹಿವಾಟುಗಳನ್ನು ಬೆಸೆದ ಸೌರ ಕಿರುಜಾಲವೊಂದು ಕಾರ್ಯಾರಂಭ ಮಾಡಿತು. ದೊಡ್ಡ ಜಾಲದ ದುರಸ್ತಿಗೆ ಮಂಜೂರಾದ ಹಣ ಮಾತ್ರ ಕಾಗದಪತ್ರಗಳ ನಡುವೆ ನಿಧಾನವಾಗಿ ಸರಿಯುತ್ತಿತ್ತು. 2022ರ ಸೆಪ್ಟೆಂಬರ್ 18ರಂದು ಫಿಯೋನಾ ಚಂಡಮಾರುತ ಬಂದಾಗ ಅದರ ಗಾಳಿ ತಾಸಿಗೆ 140 ಕಿಲೋಮೀಟರಿನಷ್ಟು, ದರ್ಜೆ ಕೇವಲ ಒಂದು. ಅದು ನೆಲ ಮುಟ್ಟುವ ಮೊದಲೇ ಇಡೀ ದ್ವೀಪದ ವಿದ್ಯುತ್ ಮತ್ತೆ ಹೋಯಿತು. ಸಾವಿನ ಎಣಿಕೆಯಲ್ಲಿ ಮಾತ್ರ ಈ ಬಾರಿ ವ್ಯತ್ಯಾಸವಿತ್ತು: ಕರೆಂಟಿಲ್ಲದ ಮನೆಯಲ್ಲಿ ಓಡುತ್ತಿದ್ದ ಜನರೇಟರಿಗೆ ಪೆಟ್ರೋಲ್ ತುಂಬಿಸಲು ಹೋಗಿ ಸುಟ್ಟು ಸತ್ತ ವೃದ್ಧರೊಬ್ಬರ ಸಾವನ್ನು ಅಧಿಕಾರಿಗಳು ಮೊದಲ ದಿನಗಳಲ್ಲೇ ಚಂಡಮಾರುತದ ಲೆಕ್ಕದಲ್ಲಿ ಪ್ರಕಟಿಸಿದರು.